"ಪೆನ್ಷನ್ ಬರುತ್ತಲ್ಲ, ನಿಮಗೇನು ಬಿಡಿ" ಅನ್ನುತ್ತಾರೆ. ನಿಜಕ್ಕೂ ನಿಮ್ಮ ಮನೆಗೆ ಎಷ್ಟು ಬರುತ್ತದೆ?

ಪಾರ್ಕ್ ಬೆಂಚ್ 4
ನವೆಂಬರ್ 9, 2025, ಬೆಳಗ್ಗೆ 8:10

ವಿಜಯನಗರದ ಕಡೆ ನಮ್ಮದೊಂದು ವಾಕಿಂಗ್ ಗುಂಪು. ಹನ್ನೊಂದು ಜನ, ಎಲ್ಲರೂ ರಿಟೈರ್ ಆದವರು. ಆರಕ್ಕೆ ಪಾರ್ಕು, ಏಳೂಕಾಲಿಗೆ ದರ್ಶಿನಿಯಲ್ಲಿ ಬೈಟು ಕಾಫಿ. ಹೋದ ತಿಂಗಳು ಧರ್ಮಸ್ಥಳ, ಕುಕ್ಕೆ, ಹೊರನಾಡು ನೋಡಿಕೊಂಡು ಬರೋಣ ಅಂತ ಮಾತು ಬಂತು. ಮಿನಿಬಸ್ಸು, ರೂಮು, ಊಟ ಸೇರಿ ಗಂಡ ಹೆಂಡತಿಗೆ 9,000. "ಎಲ್ಲರಿಗೂ ಪೆನ್ಷನ್ ಬರುತ್ತಲ್ಲ, ಏನ್ ಮಹಾ" ಅಂತ ಒಬ್ಬರು ಅಂದರು. ಒಬ್ಬರು ಏನು, ನಾನೇ ಅಂದದ್ದು.

ಮಾರನೇ ದಿನದಿಂದ ನಮ್ಮಲ್ಲಿ ಒಬ್ಬರು ಬರಲಿಲ್ಲ. ಮಂಡಿ ನೋವು ಅಂತ ಫೋನಿನಲ್ಲಿ ಹೇಳಿದರು. ಎರಡು ವಾರ ನೋಡಿ ಮೂಡಲಪಾಳ್ಯದ ಅವರ ಮನೆಗೇ ಹೋದೆ. ಮಂಡಿ ಚೆನ್ನಾಗಿಯೇ ಇತ್ತು. ಏಣಿ ಹತ್ತಿ ಸಿಂಟೆಕ್ಸ್ ತೊಳೆಯುತ್ತಿದ್ದರು. ಕೆಳಗಿಳಿದು ಬಂದು, ಮಾತಿನ ಮಧ್ಯೆ ಟಿವಿ ಸ್ಟ್ಯಾಂಡಿನಿಂದ ಪಾಸ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟರು. ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, 2011ರಲ್ಲಿ ರಿಟೈರ್. ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳೂ ಒಂದೇ ಅಂಕಿ. 2,064. 2,064. 2,064. ಪುಟ ತಿರುಗಿಸಿದರೂ ಅದೇ. ಪ್ರಿಂಟರಿನ ಮಸಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ಅಷ್ಟೇ ವ್ಯತ್ಯಾಸ.

ಆರು ವರ್ಷದಿಂದ ದಿನಾ ಪಕ್ಕದಲ್ಲಿ ನಡೆಯುತ್ತಿದ್ದೇನೆ. ಗೊತ್ತೇ ಇರಲಿಲ್ಲ.

ಅದಕ್ಕೆ ಕೇಳುತ್ತಿದ್ದೇನೆ. ಹೆಸರು ಬೇಡ. ತಲೆಗೆ ಎಷ್ಟು ಅಂತ ಅಲ್ಲ, ಮನೆಗೆ ಎಷ್ಟು ಅಂತ ಹೇಳಿ. ನನ್ನದೇ ಮೊದಲು ಹೇಳುತ್ತೇನೆ. ಖಾಸಗಿ ಕಂಪನಿಯ ಅಕೌಂಟ್ಸ್‌ನಲ್ಲಿದ್ದೆ, 2015ರಲ್ಲಿ ರಿಟೈರ್. ಪಿಎಫ್ ಕಚೇರಿಯ ಪೆನ್ಷನ್ 2,740. ಸೀನಿಯರ್ ಸಿಟಿಜನ್ ಸ್ಕೀಮಿನಿಂದ ತಿಂಗಳ ಲೆಕ್ಕಕ್ಕೆ 10,250. ಪೋಸ್ಟಾಫೀಸಿನ ಮಾಸಿಕ ಯೋಜನೆಯಿಂದ 5,550. ಒಟ್ಟು 18,540, ಇಬ್ಬರಿಗೆ. ಮನೆ ಸ್ವಂತದ್ದು, ಹಾಗಾಗಿ ಉಸಿರಾಡುತ್ತಿದ್ದೇವೆ.

---

ಲೆಕ್ಕದ ಮೇಷ್ಟ್ರು
ನವೆಂಬರ್ 9, ಬೆಳಗ್ಗೆ 9:32

ಹೇಳೋಕೆ ಸಂಕೋಚ ಆಗುತ್ತಿದೆ, ಆದರೂ ಕೇಳಿದ್ದೀರಿ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ನಾನೂ 2015ರಲ್ಲೇ ರಿಟೈರ್. ಆಗ ಮೂಲ ಪೆನ್ಷನ್ 16,500. ಈಗ ತುಟ್ಟಿಭತ್ಯೆ ಸೇರಿ 52 ಸಾವಿರದ ಮೇಲೆ. ಮನೆಯವರು ಪ್ರೈಮರಿ ಶಾಲೆ, ಅವರಿಗೆ 41. ಮನೆಗೆ 93 ಸಾವಿರ.

ಹೇಗೆ ಏರಿತು ಅಂತ ಕೇಳುವವರಿಗೆ: ನಮ್ಮ ಪೆನ್ಷನ್ನಿಗೆ ಎರಡು ಎಂಜಿನ್. ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ, ಅದು ಒಂದು. ವೇತನ ಆಯೋಗ ಬಂದಾಗ ಹಳೆಯ ಪೆನ್ಷನ್ನನ್ನೂ ಹೊಸ ಲೆಕ್ಕಕ್ಕೆ ತರುತ್ತಾರೆ, ಅದು ಇನ್ನೊಂದು. ಆರನೇ ಆಯೋಗ 2018ರಲ್ಲಿ ಬಂತು, ಏಳನೆಯದು 2024ರ ಆಗಸ್ಟ್ 1ರಿಂದ. ಏಳನೆಯದರಲ್ಲಿ ಮೂಲ ಪೆನ್ಷನ್ನಿಗೆ ಶೇ. 31 ತುಟ್ಟಿಭತ್ಯೆ, ಶೇ. 27.5 ಫಿಟ್‌ಮೆಂಟ್, ಅಂದರೆ ಆಯೋಗ ಕೊಡುವ ಏರಿಕೆ, ಸೇರಿಸಿದರು. ಅಂದರೆ 100 ಇದ್ದದ್ದು 158 ರೂಪಾಯಿ 50 ಪೈಸೆ ಆಯಿತು. ರಾಜ್ಯ ಸರ್ಕಾರದ ಕನಿಷ್ಠ ಪೆನ್ಷನ್ನೇ ಈಗ 13,500.

ನಿಮ್ಮ ಫಿಟ್ಟರ್ ಸ್ನೇಹಿತರದ್ದಕ್ಕೆ ಎಂಜಿನ್ನೇ ಇಲ್ಲ. ತಳ್ಳುಗಾಡಿ. ಬಿಟ್ಟಲ್ಲೇ ನಿಂತಿದೆ.

---

ರೈಟ್ ರೈಟ್
ನವೆಂಬರ್ 9, ಬೆಳಗ್ಗೆ 10:05

ನಾನು ಬಸ್ ಕಂಡಕ್ಟರ್ ಆಗಿದ್ದವನು. ಕಾಕಿ ಹಾಕಿಕೊಂಡು ಓಡಾಡಿದ್ದಕ್ಕೆ ಇಡೀ ಬೀದಿ ನನ್ನನ್ನು ಗೌರ್ಮೆಂಟು ಅಂದುಕೊಂಡಿದೆ. ಮಗಳ ಮದುವೆ ಮಾತುಕತೆಯಲ್ಲೂ ಗಂಡಿನ ಕಡೆಯವರು "ನಿಮಗೇನು, ಪೆನ್ಷನ್ ಇದೆಯಲ್ಲ" ಅಂದರು. ನಾನೂ ಸುಮ್ನೆ ತಲೆಯಾಡಿಸಿದೆ. ಬರುವುದು 3,300 ಚಿಲ್ಲರೆ.

ಸಾರಿಗೆ ನಿಗಮದವರಿಗೆ ಸರ್ಕಾರಿ ಪೆನ್ಷನ್ ಇಲ್ಲ ಸ್ವಾಮಿ. ನಮಗೂ ಅದೇ ಪಿಎಫ್ ಪೆನ್ಷನ್, 1995ರ ಸ್ಕೀಮು. ಎಷ್ಟು ಜನಕ್ಕೆ ಹೇಳಿದರೂ ನಂಬುವುದಿಲ್ಲ.

ಈಗ ಬೆಳಗ್ಗೆ ಐದರಿಂದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ಅದರಿಂದ 14 ಸಾವಿರ. ಮನೆಗೆ ಒಟ್ಟು 17. ರಿಟೈರ್ ಆದವರು ಅಂತ ನನ್ನನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೀರೋ ಇಲ್ಲವೋ, ನಿಮಗೆ ಬಿಟ್ಟದ್ದು.

---

ಹೆಬ್ಬಾಳ ಟೆಕ್ಕಿ
ನವೆಂಬರ್ 9, ಬೆಳಗ್ಗೆ 11:20

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಒಂದೇ ಊರು, ಒಂದೇ ವಯಸ್ಸು, ಒಂದು ಮನೆಗೆ 93 ಸಾವಿರ, ಇನ್ನೊಂದಕ್ಕೆ 2 ಸಾವಿರ. ಆ 93 ಸಾವಿರ ನಮ್ಮ ತೆರಿಗೆ. ನನಗೆ ನಾಳೆ ಏನೂ ಇಲ್ಲ, ನಾನೇ ಎನ್‌ಪಿಎಸ್ (ದುಡ್ಡು ಕಟ್ಟಿ ಕೂಡಿಡುವ ಪೆನ್ಷನ್ ಯೋಜನೆ) ಕಟ್ಟಿಕೊಳ್ಳುತ್ತಿದ್ದೇನೆ. ಇದರಲ್ಲಿ ನ್ಯಾಯ ಎಲ್ಲಿದೆ?

---

ಲೆಕ್ಕದ ಮೇಷ್ಟ್ರು
ನವೆಂಬರ್ 9, ಮಧ್ಯಾಹ್ನ 12:15

ಬೇಜಾರಿಲ್ಲಪ್ಪ. ನನ್ನ ಕಡೆಯದ್ದೂ ಸ್ವಲ್ಪ ಕೇಳು.

ನಾನು 1981ರಲ್ಲಿ ಕೆಲಸಕ್ಕೆ ಸೇರಿದೆ. ಆಗ ಬೆಂಗಳೂರಲ್ಲಿ ದೊಡ್ಡವರು ಅಂದರೆ ಕಾರ್ಖಾನೆಯವರು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ. ಮುಂಜಾನೆ ಬೀದಿ ತುದಿಗೆ ಕಂಪನಿ ಬಸ್ಸು, ಮಧ್ಯಾಹ್ನ ಕ್ಯಾಂಟೀನ್ ಊಟ, ತಿಂಗಳಿಗೆ ಓವರ್‌ಟೈಮು, ವರ್ಷಕ್ಕೆ ಬೋನಸ್ಸು. ಫಿಟ್ಟರ್‌ಗೆ, ಟರ್ನರ್‌ಗೆ ಸಂಬಂಧ ಹುಡುಕಿಕೊಂಡು ಬರುತ್ತಿದ್ದರು. ಮೇಷ್ಟ್ರಿಗೆ ಹೆಣ್ಣು ಕೊಡೋಕೆ ಹತ್ತು ಸಲ ಯೋಚನೆ. ನಮ್ಮ ಮಾವನೇ "ಮೇಷ್ಟ್ರಾ?" ಅಂತ ಮುಖ ಸಣ್ಣ ಮಾಡಿದ್ದರು. ನಾನು ಸೈಕಲ್ಲಿನಲ್ಲಿ ಶಾಲೆಗೆ ಹೋಗುವಾಗ ನಮ್ಮ ಓಣಿಯ ಟರ್ನರ್ ಸ್ಕೂಟರ್ ತೆಗೆದುಕೊಂಡಿದ್ದ.

ಅವನಿಗೆ ಅವತ್ತು ಜಾಸ್ತಿ ಸಿಕ್ಕಿತು, ನನಗೆ ಇವತ್ತು. ಇದರಿಂದ 2,064 ಸರಿ ಅಂತ ಆಗುವುದಿಲ್ಲ, ಗೊತ್ತು. ಆದರೆ ನನ್ನದನ್ನು ಇಳಿಸಿದರೆ ಅವನದು ಏರುವುದಿಲ್ಲ ಅಲ್ವಾ? ಇನ್ನೊಂದು, ನಮ್ಮಲ್ಲೂ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಇದೇ ಎನ್‌ಪಿಎಸ್. ನನ್ನ ಜಾಗಕ್ಕೆ ಬಂದ ಹುಡುಗಿಗೆ ನನ್ನ ಪೆನ್ಷನ್ ಸಿಗುವುದಿಲ್ಲ.

---

ಕೌಂಟರ್ ಮೂರು
ನವೆಂಬರ್ 9, ಮಧ್ಯಾಹ್ನ 3:48

ಬ್ಯಾಂಕಿನಲ್ಲಿದ್ದೆ, 2008ರಲ್ಲಿ ಆಫೀಸರ್ ಆಗಿ ರಿಟೈರ್. ಈಗ ಕೈಗೆ 43 ಸಾವಿರ. ನಮ್ಮದು ಮಧ್ಯದ ಪ್ರಾಣಿ. ತುಟ್ಟಿಭತ್ಯೆ ಏರುತ್ತದೆ, ಆದರೆ ಮೂಲ ಪೆನ್ಷನ್ ರಿಟೈರ್ ಆದ ದಿನದ್ದೇ. ಮೇಷ್ಟ್ರು ಹೇಳಿದ ಎರಡು ಎಂಜಿನ್ನಿನಲ್ಲಿ ಒಂದೇ ನಮಗೆ. ಹೋದ ವರ್ಷ ರಿಟೈರ್ ಆದ, ನನ್ನ ಕೈ ಕೆಳಗೆ ಕೆಲಸ ಕಲಿತವರಿಗೆ ನನಗಿಂತ ಜಾಸ್ತಿ ಬರುತ್ತದೆ. ಇರಲಿ, ಈ ಚರ್ಚೆಯಲ್ಲಿ ನಾನು ಗೊಣಗಿದರೆ ಚೆನ್ನಾಗಿರುವುದಿಲ್ಲ.

ಪಿಎಫ್ ಪೆನ್ಷನ್ ಯಾಕೆ ಇಷ್ಟು ಕಡಿಮೆ ಅಂತ ಮಕ್ಕಳು ಕೇಳುತ್ತಾರೆ. ಲೆಕ್ಕ ಬಹಳ ಸುಲಭ. ಪೆನ್ಷನ್ನಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ತೊಡಕು ಇರುವುದು "ಹಿಡಿಯುವ ಸಂಬಳ" ಎಂಬಲ್ಲಿ. ನಿಮಗೆ ಸಂಬಳ 20 ಸಾವಿರ ಬರಲಿ, 40 ಬರಲಿ, 2001ರಿಂದ 2014ರ ಆಗಸ್ಟ್‌ವರೆಗೆ 6,500ರ ಮೇಲೆ ಲೆಕ್ಕಕ್ಕಿಲ್ಲ. 2014ರ ಸೆಪ್ಟೆಂಬರ್‌ನಿಂದ 15,000. ಸ್ಕೀಮು ಶುರುವಾದದ್ದು 1995ರ ನವೆಂಬರ್ 16ಕ್ಕೆ. ಫಿಟ್ಟರ್ ಅವರು 2011ರಲ್ಲಿ ರಿಟೈರ್ ಆದರೆ ಸುಮಾರು 16 ವರ್ಷ. 6,500ಕ್ಕೆ 16 ಗುಣಿಸಿ 70ರಿಂದ ಭಾಗಿಸಿ. 1,485 ಬರುತ್ತದೆ. 1995ಕ್ಕೆ ಹಿಂದಿನ ಸೇವೆಗೆ ಒಂದಿಷ್ಟು ಸೇರಿಸುತ್ತಾರೆ. ಅಲ್ಲಿಗೆ 2,064. ಯಾರೂ ಮೋಸ ಮಾಡಿಲ್ಲ, ಸೂತ್ರವೇ ಹಾಗಿದೆ.

ಇನ್ನು ಆ ಸ್ಕೀಮಿನಲ್ಲಿ ತುಟ್ಟಿಭತ್ಯೆ ಎಂಬ ಮಾತೇ ಇಲ್ಲ. ಕನಿಷ್ಠ ಪೆನ್ಷನ್ 1,000 ಅಂತ 2014ರ ಸೆಪ್ಟೆಂಬರ್‌ನಲ್ಲಿ ಮಾಡಿದರು. ಹನ್ನೊಂದು ವರ್ಷವಾಯಿತು, ಇವತ್ತಿಗೂ ಅದೇ 1,000. ಅದನ್ನು 7,500 ಮಾಡಿ, ತುಟ್ಟಿಭತ್ಯೆ ಕೊಡಿ ಅಂತ ಪೆನ್ಷನ್‌ದಾರರು ವರ್ಷಗಟ್ಟಲೆಯಿಂದ ಧರಣಿ ಕೂರುತ್ತಿದ್ದಾರೆ.

ಆದರೆ ಒಂದು ಪೂರ್ತಿ ಮಾಡುತ್ತೇನೆ, ಇಲ್ಲವಾದರೆ ಲೆಕ್ಕ ಅರ್ಧ. ಪಿಎಫ್‌ನವರಿಗೆ ರಿಟೈರ್ ಆದಾಗ ಇಡಿಗಂಟು ಬಂದಿರುತ್ತದೆ. ಕಂಪನಿ ಕಟ್ಟುವ ಶೇ. 12ರಲ್ಲಿ 8.33 ಮಾತ್ರ, ಅದೂ ಆ ಮಿತಿಯೊಳಗೆ, ಪೆನ್ಷನ್ನಿಗೆ ಹೋಗುತ್ತದೆ. ಉಳಿದದ್ದು ಪಿಎಫ್ ಖಾತೆಗೆ. ಆ ಗಂಟು ಏನಾಯಿತು ಅಂತಲೂ ಕೇಳಬೇಕು.

---

ಪಾರ್ಕ್ ಬೆಂಚ್ 4
ನವೆಂಬರ್ 9, ಸಂಜೆ 5:30

ಏನಾಯಿತು ಅಂದರೆ ಮನೆ ಆಯಿತು, ಮದುವೆ ಆಯಿತು. ಅವರದು 20×30 ಸೈಟು, ಸಾಲ ತೀರಿಸಲು ಅರ್ಧ ಹೋಯಿತು. ಉಳಿದದ್ದು ಇಬ್ಬರು ಹೆಣ್ಣುಮಕ್ಕಳಿಗೆ. ಇವತ್ತು ಆ ಮನೆ ಮಾರಿದರೆ ಕೋಟಿ ದಾಟುತ್ತದಂತೆ. ಕೋಟಿಯ ಮನೆಯಲ್ಲಿ ಕೂತು ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ.

ಅಂದ ಹಾಗೆ, ಅವರ ಮನೆಯವರಿಗೆ ಗೃಹಲಕ್ಷ್ಮಿ 2,000. ಅವರೇ ನಗುತ್ತಾ ಹೇಳಿದರು. "ಮೂವತ್ತು ವರ್ಷ ಮೆಷಿನ್ ಮುಂದೆ ನಿಂತಿದ್ದಕ್ಕೆ ಅವಳಿಗಿಂತ 64 ರೂಪಾಯಿ ಮುಂದಿದ್ದೇನೆ" ಅಂತ.

ಗಂಟನ್ನು ಉಳಿಸಿಕೊಂಡವರ ಕಥೆ ನನ್ನದು, ಅದನ್ನೂ ಕೇಳಿ. 2015ರಲ್ಲಿ ಸೀನಿಯರ್ ಸಿಟಿಜನ್ ಸ್ಕೀಮಿಗೆ 15 ಲಕ್ಷ ಹಾಕಿದೆ. ಆಗ ಮಿತಿಯೇ ಅಷ್ಟು. ಬಡ್ಡಿ ಶೇ. 9.3, ತಿಂಗಳಿಗೆ 11,625. ಐದು ವರ್ಷ ಮುಗಿಯುವ ಹೊತ್ತಿಗೆ ಕೊರೋನ. ಮತ್ತೆ ಹಾಕುವಾಗ ದರ 7.4. ತಿಂಗಳಿಗೆ 9,250. ಈ ಮೇ ತಿಂಗಳಲ್ಲಿ ಮತ್ತೆ ಹಾಕಿದೆ, 8.2. ತಿಂಗಳಿಗೆ 10,250. ಹತ್ತು ವರ್ಷದ ಹಿಂದೆ ಬರುತ್ತಿದ್ದುದಕ್ಕಿಂತ ಇವತ್ತು 1,375 ಕಡಿಮೆ. ಹಾಲು, ಬೇಳೆ, ಮಾತ್ರೆಗೆ ಈ ಲೆಕ್ಕ ಗೊತ್ತಿಲ್ಲ. ನಂದಿನಿ ಹಾಲೊಂದೇ ಈ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತು.

ಮೇಷ್ಟ್ರೂ ನಾನೂ ಒಂದೇ ವರ್ಷ ರಿಟೈರ್. ಅವರದು ಎರಡು ಪಟ್ಟಿಗಿಂತ ಜಾಸ್ತಿಯಾಯಿತು, ನನ್ನದು ಹಿಂದಕ್ಕೆ ಹೋಯಿತು. ಎಷ್ಟು ಬರುತ್ತದೆ ಅಂತ ಕೇಳಿದ್ದು ನನ್ನ ತಪ್ಪು. ಎಷ್ಟು ಏರಿದೆ ಅಂತ ಕೇಳಬೇಕಿತ್ತು.

---

ಮೇಲಿನ ಮನೆ
ನವೆಂಬರ್ 9, ರಾತ್ರಿ 8:02

ಬೆಂಗಳೂರಲ್ಲಿ ಪೆನ್ಷನ್ ಅಂದರೆ ಮಹಡಿ ಮನೆ ಬಾಡಿಗೆ. ಬಸವೇಶ್ವರನಗರ, 30×40, ಕೆಳಗೆ ನಾವು, ಮೇಲೆ ಬಾಡಿಗೆ. ಪಿಎಫ್ ಪೆನ್ಷನ್ 1,900, ಬಾಡಿಗೆ 18,000. ಹಾಗಾಗಿ ಬಾಡಿಗೆದಾರನೇ ನಮ್ಮ ಪೆನ್ಷನ್ ಇಲಾಖೆ. ಆ ಹುಡುಗನಿಗೆ ಕೆಲಸ ಹೋದರೆ ನಮಗೂ ಹೋದಂತೆ.

ಹೋದ ವರ್ಷ ಮನೆ ಮೂರು ತಿಂಗಳು ಖಾಲಿ ಬಿತ್ತು. ಹೋಗುವವರಿಗೆ ಅಡ್ವಾನ್ಸ್ ಒಂದೂವರೆ ಲಕ್ಷ ವಾಪಸ್ ಕೊಡಬೇಕು, ಆ ದುಡ್ಡು ನನ್ನ ಬೈಪಾಸಿಗೆ ಕರಗಿತ್ತು. ಮಗನ ಹತ್ತಿರ ಕೇಳಿದೆ. ಕೊಟ್ಟ. ಆದರೆ ಕೇಳುವುದಕ್ಕೆ ಮೂರು ದಿನ ತೆಗೆದುಕೊಂಡೆ. ಪೇಂಟು, ಮೋಟರು, ಮನೆ ಕಂದಾಯ, ನೀರು ಅಂತ ಬಾಡಿಗೆಯಲ್ಲೂ ಪೂರ್ತಿ ಉಳಿಯುವುದಿಲ್ಲ. ನೀರಿನ ದರವನ್ನು ಹನ್ನೊಂದು ವರ್ಷದ ನಂತರ ಈ ಏಪ್ರಿಲ್‌ನಲ್ಲಿ ಏರಿಸಿದರಲ್ಲ.

ಆದರೂ ಹೇಳುತ್ತೇನೆ. ಬಾಡಿಗೆಗೆ ಎಂಜಿನ್ ಇದೆ. ವರ್ಷಕ್ಕೆ ಶೇ. 5 ಅಂತ ಅಗ್ರಿಮೆಂಟಿನಲ್ಲೇ ಬರೆಯುತ್ತೇವೆ.

---

ಸಂಜೆ ಕಾಫಿ
ನವೆಂಬರ್ 9, ರಾತ್ರಿ 9:15

ಗಂಡಸರೆಲ್ಲ ನಿಮ್ಮ ನಿಮ್ಮದು ಹೇಳಿದಿರಿ. ನೀವು ಹೋದ ಮೇಲೆ ಎಷ್ಟು ಅಂತ ಯಾರೂ ಹೇಳಲಿಲ್ಲ.

ನಮ್ಮೆಜಮಾನರೂ ಬ್ಯಾಂಕು. ಇದ್ದಾಗ 41 ಸಾವಿರ ಬರುತ್ತಿತ್ತು. ಈಗ ನನಗೆ 24. ಅದೂ 2021ರಲ್ಲಿ ಕೊನೆಯ ಸಂಬಳದ ಶೇ. 30 ಅಂತ ಮಾಡಿ ಮಿತಿ ತೆಗೆದ ಮೇಲೆ. ಅದಕ್ಕೆ ಮೊದಲು ಫ್ಯಾಮಿಲಿ ಪೆನ್ಷನ್ನಿಗೆ 9,284ರ ಒಂದು ತಡೆ ಇತ್ತು, ಆಗ ತೀರಿಹೋಗಿದ್ದವರ ಹೆಂಡಿರು ಹೇಗೆ ನಡೆಸಿದರೋ.

ಒಬ್ಬರು ಹೋದರೆ ಖರ್ಚು ಅರ್ಧ ಆಗುತ್ತದೆ ಅಂತ ಕಾನೂನು ಮಾಡುವವರು ಅಂದುಕೊಂಡಿರಬೇಕು. ಕರೆಂಟಿನ ಫಿಕ್ಸೆಡ್ ಚಾರ್ಜು ಅರ್ಧ ಆಗುವುದಿಲ್ಲ. ಅಪಾರ್ಟ್‌ಮೆಂಟ್ ಮೇಂಟೆನೆನ್ಸು ಅರ್ಧ ಆಗುವುದಿಲ್ಲ. ಕೆಲಸದವಳ ಸಂಬಳ ಅರ್ಧ ಆಗುವುದಿಲ್ಲ. ಕಡಿಮೆ ಆದದ್ದು ಅಕ್ಕಿ ಮತ್ತು ಕಾಫಿಪುಡಿ. ಮೊದಲು ತಿಂಗಳಿಗೆ ಒಂದು ಕೆಜಿ ತರುತ್ತಿದ್ದೆ, ಈಗ ಕಾಲು ಕೆಜಿ. ಅವರೇ ನಾಲ್ಕು ಸಲ ಕುಡಿಯುತ್ತಿದ್ದರು.

ಬೆಂಚ್ 4 ಅವರೇ, ಫಿಟ್ಟರ್ ಅವರ ಮನೆಯವರಿಗೆ ಮುಂದೆ ಎಷ್ಟು ಬರುತ್ತದೆ ಅಂತ ಕೇಳಿದಿರಾ?

---

ಕೌಂಟರ್ ಮೂರು
ನವೆಂಬರ್ 9, ರಾತ್ರಿ 9:40

ಅರ್ಧ. 1,032. ಅಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದಿರಿ. ನಾನು ಹೇಳದೆ ಬಿಟ್ಟದ್ದು ತಪ್ಪು.

ಇದನ್ನು ಓದುತ್ತಿರುವ ಎಲ್ಲ ಗಂಡಸರಿಗೆ: ನಿಮ್ಮ ಪೆನ್ಷನ್ ಪತ್ರದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನ, ಆಧಾರ್‌ನಲ್ಲಿರುವಂತೆಯೇ ಇದೆಯಾ ನಾಳೆಯೇ ನೋಡಿ. ಕೌಂಟರಿನಲ್ಲಿ ಕೂತು ನಾನು ನೋಡಿದ್ದೇನೆ. ಗಂಡನ ಕಡತದಲ್ಲಿ "ಲಕ್ಷ್ಮಮ್ಮ", ಆಧಾರ್‌ನಲ್ಲಿ "ಲಕ್ಷ್ಮೀದೇವಮ್ಮ" ಅಂತ ಇದ್ದರೆ ಆರು ತಿಂಗಳು ಓಡಾಟ. ಸೂತಕ ಕಳೆಯುವ ಮೊದಲೇ ಜೆರಾಕ್ಸ್ ಅಂಗಡಿ ಮುಂದೆ ನಿಂತಿರುತ್ತಾರೆ.

---

ಸುಂಕದಕಟ್ಟೆ ಹುಡುಗ
ನವೆಂಬರ್ 9, ರಾತ್ರಿ 10:50

ಸಂಜೆ ಕಾಫಿ ಅವರು "ಕೆಲಸದವಳ ಸಂಬಳ" ಅಂದರು. ನಮ್ಮಮ್ಮ ಅದೇ ಕೆಲಸ. 67 ವರ್ಷ. ಮೂರು ಮನೆ ಪಾತ್ರೆ, ನೆಲ. ಅವಳಿಗೆ ಸರ್ಕಾರ ವಯಸ್ಸಾದವರಿಗೆ ಕೊಡುವ ಸಂಧ್ಯಾ ಸುರಕ್ಷಾ 1,200 ಬರುತ್ತದೆ. ಅವಳೂ ಅದನ್ನು ಪೆನ್ಷನ್ ಅಂತಲೇ ಕರೆಯುವುದು. "ಈ ತಿಂಗಳ ಪಿಂಚಣಿ ಬಂತಾ ನೋಡು" ಅಂತ ಫೋನ್ ಕೊಡುತ್ತಾಳೆ. ಎರಡು ತಿಂಗಳು ಬರದೆ ಮೂರನೇ ತಿಂಗಳು ಒಟ್ಟಿಗೆ ಬಂದದ್ದೂ ಇದೆ.

ಅವಳು ರಿಟೈರ್ ಆಗಿಲ್ಲ. ಅವಳಿಗೆ ಆ ಪದವೇ ಇಲ್ಲ. ಕೈಲಾಗದೆ ಕೂತರೆ ಅದೇ ರಿಟೈರ್‌ಮೆಂಟು.

ಇಲ್ಲಿ 2,064 ಕಡಿಮೆ ಅಂತ ಮಾತಾಡುತ್ತಿದ್ದೀರಿ, ಸರಿ. ಅದಕ್ಕಿಂತ ಕೆಳಗೂ ಜನ ಇದ್ದಾರೆ ಅಂತ ಹೇಳಿದೆ, ಅಷ್ಟೇ. ಜಗಳಕ್ಕಲ್ಲ.

---

ಸಂಜೆ ಕಾಫಿ
ನವೆಂಬರ್ 10, ಬೆಳಗ್ಗೆ 6:55

ಜಗಳ ಅಲ್ಲಪ್ಪ. ರಾತ್ರಿ ಓದಿ ನಿದ್ದೆ ಬರಲಿಲ್ಲ. ನಮ್ಮ ಮನೆಗೆ ಬರುವವರಿಗೂ ಅರವತ್ತು ದಾಟಿರಬೇಕು, ಒಂದು ದಿನವೂ ಕೇಳಿಲ್ಲ. ಇವತ್ತು ಬಂದಾಗ ಕೇಳುತ್ತೇನೆ. ಅರ್ಜಿ ಹಾಕಿದ್ದಾರೋ ಇಲ್ಲವೋ.

---

ಸುಂಕದಕಟ್ಟೆ ಹುಡುಗ
ನವೆಂಬರ್ 10, ಬೆಳಗ್ಗೆ 7:20

65 ತುಂಬಿದ್ದರೆ ಸಂಧ್ಯಾ ಸುರಕ್ಷಾಗೆ ನಾಡಕಚೇರಿಯಲ್ಲಿ ಹಾಕಬಹುದು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಹೋಗಲಿ. ಅಮ್ಮಂದಿರ ವಯಸ್ಸು ಆಧಾರ್‌ನಲ್ಲಿ ತಪ್ಪಿರುತ್ತದೆ, ಮೊದಲು ಅದು ನೋಡಿ. ನಮ್ಮಮ್ಮ ಆಧಾರ್ ಪ್ರಕಾರ ನನ್ನ ಅಣ್ಣನಿಗಿಂತ ಹದಿಮೂರು ವರ್ಷ ದೊಡ್ಡವಳು.

---

ಪೋಸ್ಟ್ ಮಾಸ್ಟರ ಮಗಳು
ನವೆಂಬರ್ 10, ಬೆಳಗ್ಗೆ 9:00

ಅಪ್ಪ ಅಂಚೆ ಇಲಾಖೆ, 84 ವರ್ಷ. ಕೇಂದ್ರ ಸರ್ಕಾರದ ಪೆನ್ಷನ್, 80 ತುಂಬಿದ ಮೇಲೆ ಮೂಲದ ಮೇಲೆ ಶೇ. 20 ಹೆಚ್ಚುವರಿ. 85ಕ್ಕೆ ಶೇ. 30 ಆಗುತ್ತದೆ. ಬರುವುದು 46 ಸಾವಿರ. ಎಂಟನೇ ವೇತನ ಆಯೋಗದ ಸುದ್ದಿ ಬಂದಾಗಿನಿಂದ ಪೇಪರ್ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಾರೆ. "ಅದು ಬರೋವರೆಗೆ ಇರ್ತೀನಿ ಬಿಡು" ಅನ್ನುತ್ತಾರೆ.

ಹೊರಗಿನಿಂದ ನೋಡಿದರೆ ಅದೃಷ್ಟವಂತರು. ಆದರೆ ಬಿದ್ದು ಸೊಂಟ ಮುರಿದ ಮೇಲೆ ಮನೆಯಲ್ಲಿ ಹಗಲಿಗೊಬ್ಬರು, ರಾತ್ರಿಗೊಬ್ಬರು ಅಟೆಂಡರ್. ಇಬ್ಬರಿಗೇ 44 ಸಾವಿರ. ಡಯಾಪರ್ ಬೇರೆ. ನಾನು ಕೆಲಸ ಬಿಟ್ಟಿದ್ದೇನೆ. ನನ್ನ ಸಂಬಳ ನಿಂತದ್ದನ್ನೂ ಸೇರಿಸಿದರೆ ಈ ಮನೆಗೆ ಬರುವುದು ಎಷ್ಟು ಅಂತ ಯಾವ ಖಾನೆಯಲ್ಲಿ ಬರೆಯಲಿ?

---

ಹೆಬ್ಬಾಳ ಟೆಕ್ಕಿ
ನವೆಂಬರ್ 10, ಬೆಳಗ್ಗೆ 10:30

ನಿನ್ನೆ ಸ್ವಲ್ಪ ಬಿಸಿಯಾಗಿ ಬರೆದೆ, ಮೇಷ್ಟ್ರೇ. ಸಾರಿ. ಎರಡು ಪ್ರಶ್ನೆ, ಗೊತ್ತಿದ್ದವರು ಹೇಳಿ. ಒಂದು, ಸುಪ್ರೀಂ ಕೋರ್ಟು ಹೆಚ್ಚಿನ ಪೆನ್ಷನ್ ಕೊಡಿ ಅಂದಿತ್ತಲ್ಲ, ಅದು ಫಿಟ್ಟರ್ ಅವರಿಗೆ ಸಿಗುವುದಿಲ್ಲವಾ? ಎರಡು, ಕೋಟಿಯ ಮನೆ ಇದೆ ಅಂದರೆ ರಿವರ್ಸ್ ಮಾರ್ಟ್‌ಗೇಜ್ ಮಾಡಿಸಬಹುದಲ್ವಾ?

---

ಕೌಂಟರ್ ಮೂರು
ನವೆಂಬರ್ 10, ಬೆಳಗ್ಗೆ 11:45

ಮೊದಲನೆಯದು: ಇಲ್ಲ. ಆ ತೀರ್ಪು 2022ರ ನವೆಂಬರ್ 4ರದ್ದು. ಪೂರ್ತಿ ಸಂಬಳದ ಮೇಲೆ ಪೆನ್ಷನ್ ಕೇಳಲು ಅವಕಾಶ ಕೊಟ್ಟಿತು. ಆದರೆ 2014ರ ಸೆಪ್ಟೆಂಬರ್ 1ಕ್ಕೆ ಮೊದಲೇ, ಆಯ್ಕೆ ಬರೆದುಕೊಡದೆ ರಿಟೈರ್ ಆದವರನ್ನು ಹೊರಗಿಟ್ಟಿತು. ಅವರದು 2011. ಸಿಗುವವರೂ ಹಿಂದಿನ ವ್ಯತ್ಯಾಸದ ದುಡ್ಡನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು, ಲಕ್ಷಗಟ್ಟಲೆ. ಅದು ಇರುವವರಿಗೆ ಮಾತ್ರ.

ಎರಡನೆಯದು: ಆಗುತ್ತದೆ. ಮನೆಯನ್ನು ಬ್ಯಾಂಕಿಗೆ ಒತ್ತೆ ಇಟ್ಟು, ಅದೇ ಮನೆಯಲ್ಲಿದ್ದುಕೊಂಡು ತಿಂಗಳಿಗಿಷ್ಟು ತೆಗೆದುಕೊಳ್ಳುವುದು. ನಮ್ಮ ದೇಶಕ್ಕೆ 2007ರಲ್ಲೇ ಬಂತು. ಆ ದುಡ್ಡಿಗೆ ತೆರಿಗೆಯೂ ಇಲ್ಲ. ನನ್ನ ಕೌಂಟರಿಗೆ ಕೇಳಿಕೊಂಡು ಬಂದವರು ಇಬ್ಬರು. ಒಬ್ಬರು ಫಾರಂ ಒಯ್ದರು. ಮಾರನೇ ದಿನ ಅವರ ಮಗ, ಮಗಳು, ಅಳಿಯ ಮೂವರೂ ಬಂದು ಫಾರಂ ವಾಪಸ್ ಕೊಟ್ಟು ಹೋದರು. ಮೂರು ಜನ ಒಟ್ಟಿಗೆ ಅಪ್ಪನ ಕೆಲಸಕ್ಕೆ ಬಂದದ್ದು ಅದೇ ಮೊದಲು ಅಂತ ಆಮೇಲೆ ಅವರೇ ಹೇಳಿದರು.

---

ಮೇಲಿನ ಮನೆ
ನವೆಂಬರ್ 10, ಮಧ್ಯಾಹ್ನ 1:10

ಸೀನಿಯರ್ ಸಿಟಿಜನ್ ಸ್ಕೀಮಿನ ಮಿತಿ 2023ರ ಏಪ್ರಿಲ್‌ನಿಂದ 30 ಲಕ್ಷ ಆಗಿದೆ. ಅಷ್ಟು ಇರುವವರು ಹಾಕಿದರೆ ಮೂರು ತಿಂಗಳಿಗೊಮ್ಮೆ 61,500. ಅಷ್ಟು ಇದ್ದಿದ್ದರೆ ಇಲ್ಲಿ ಯಾಕೆ ಬರೆಯುತ್ತಿದ್ದೆವು ಅನ್ನಬೇಡಿ, ಯಾರಿಗಾದರೂ ಉಪಯೋಗವಾಗಲಿ. ಇನ್ನೊಂದು, ವೈಯಕ್ತಿಕ ಆರೋಗ್ಯ ವಿಮೆ ಮೇಲಿದ್ದ ಶೇ. 18 ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಹೋಗಿದೆ. ನವೀಕರಣ ಮಾಡುವಾಗ ಬಿಲ್ ನೋಡಿ. ನಮ್ಮಿಬ್ಬರದು 58 ಸಾವಿರ ಪ್ರೀಮಿಯಂ. ನನ್ನ ವರ್ಷದ ಪಿಎಫ್ ಪೆನ್ಷನ್ 22,800. ಎರಡೂವರೆ ವರ್ಷದ ಪೆನ್ಷನ್ ಒಂದು ವರ್ಷದ ವಿಮೆಗೆ.

---

ರೈಟ್ ರೈಟ್
ನವೆಂಬರ್ 10, ಮಧ್ಯಾಹ್ನ 2:25

ಡ್ಯೂಟಿ ಮುಗಿಸಿ ಬಂದು ಎಲ್ಲ ಓದಿದೆ. ಬೆಂಚ್ 4 ಸಾರ್, ಟ್ರಿಪ್ ಏನು ಮಾಡಿದಿರಿ?

---

ಪಾರ್ಕ್ ಬೆಂಚ್ 4
ನವೆಂಬರ್ 10, ಮಧ್ಯಾಹ್ನ 3:00

ನಿಂತಿದೆ. ಒಬ್ಬರು, "ನಾವೆಲ್ಲ ಸ್ವಲ್ಪ ಸ್ವಲ್ಪ ಹಾಕಿ ಅವರದು ಕೊಡೋಣ, ಹೇಳೋದು ಬೇಡ" ಅಂದರು. ನಾನೇ ಬೇಡ ಅಂದೆ. ಆ ಮನುಷ್ಯ ಬೈಟು ಕಾಫಿಯ ದುಡ್ಡನ್ನೂ ಲೆಕ್ಕ ಇಟ್ಟು ಸರದಿಯ ಪ್ರಕಾರ ಕೊಡುತ್ತಾರೆ. ಗೊತ್ತಾದರೆ ಪಾರ್ಕಿಗೆ ಬರುವುದನ್ನೇ ಪೂರ್ತಿ ಬಿಡುತ್ತಾರೆ.

---

ರೈಟ್ ರೈಟ್
ನವೆಂಬರ್ 10, ಮಧ್ಯಾಹ್ನ 3:12

ಮಿನಿಬಸ್ಸು ಯಾಕೆ ಸಾರ್? ಕೆಂಪು ಬಸ್ಸಿನಲ್ಲಿ ಹೋಗಿ. ಹೆಂಗಸರಿಗೆ ಶಕ್ತಿ, ಟಿಕೆಟ್ಟೇ ಇಲ್ಲ. 60 ದಾಟಿದ ಗಂಡಸರಿಗೆ ಶೇ. 25 ಕಡಿಮೆ. ಆಧಾರ್ ತೋರಿಸಿದರೆ ಸಾಕು. ಧರ್ಮಸ್ಥಳದಲ್ಲಿ ಊಟ ಪ್ರಸಾದ, ಕುಕ್ಕೆಯಲ್ಲೂ ಪ್ರಸಾದ, ಹೊರನಾಡಿನಲ್ಲೂ ಅನ್ನಪೂರ್ಣೇಶ್ವರಿ ಊಟ ಹಾಕದೆ ಕಳಿಸಲ್ಲ. ಮಲಗೋಕೆ ದೇವಸ್ಥಾನದ ವಸತಿಗೃಹ. ಗಂಡ ಹೆಂಡತಿಗೆ 2,000 ಇಟ್ಟುಕೊಂಡರೆ ಮಿಕ್ಕುತ್ತದೆ. ಎಲ್ಲರೂ ಹಾಗೇ ಹೋಗಿ, ಒಬ್ಬರಿಗಾಗಿ ಅಂತ ಗೊತ್ತಾಗಬಾರದು. ಸೊಂಟ ನೋವು ಇರುವವರನ್ನು ಹಿಂದಿನ ಚಕ್ರದ ಮೇಲೆ ಕೂರಿಸಬೇಡಿ, ಮಧ್ಯದ ಸೀಟು ಹಿಡಿಯಿರಿ. ಶನಿವಾರ, ಭಾನುವಾರ ಮಾತ್ರ ಬೇಡ, ನಿಲ್ಲೋಕೂ ಜಾಗ ಇರಲ್ಲ.

---

ಲೆಕ್ಕದ ಮೇಷ್ಟ್ರು
ನವೆಂಬರ್ 10, ಮಧ್ಯಾಹ್ನ 3:20

93 ಸಾವಿರದವನೂ ಕೆಂಪು ಬಸ್ಸಿನಲ್ಲಿ ಬರುತ್ತೇನೆ ಅಂದರೆ ಸೇರಿಸಿಕೊಳ್ಳುತ್ತೀರಾ?

---

ಪಾರ್ಕ್ ಬೆಂಚ್ 4
ನವೆಂಬರ್ 11, ಬೆಳಗ್ಗೆ 9:40

ಬನ್ನಿ ಮೇಷ್ಟ್ರೇ, ಸೀಟು ನೀವೇ ಹಿಡಿಯಬೇಕು.

ಇವತ್ತು ಬೆಳಗ್ಗೆ ಅವರ ಮನೆಗೆ ಹೋಗಿದ್ದೆ, ಲೈಫ್ ಸರ್ಟಿಫಿಕೇಟ್ ನೆಪ ಮಾಡಿಕೊಂಡು. ಅವರ ಹಳೆಯದರ ಅವಧಿ ಈ ತಿಂಗಳು ಮುಗಿಯುತ್ತದೆ. ಸೈಬರ್ ಅಂಗಡಿಯಲ್ಲಿ ಮೂರು ಸಲ ಬೆರಳು ಒತ್ತಿಸಿದರಂತೆ, ಮೆಷಿನ್ ತೆಗೆದುಕೊಳ್ಳಲಿಲ್ಲವಂತೆ. ಮೂವತ್ತು ವರ್ಷ ಅರ ಹಿಡಿದ ಬೆರಳು, ಗೆರೆ ಎಲ್ಲಿ ಉಳಿದಿರುತ್ತದೆ. ನನ್ನ ಫೋನಿನಲ್ಲಿ ಮುಖ ತೋರಿಸುವ ಆ್ಯಪ್ ಹಾಕಿಕೊಂಡು ಹೋಗಿದ್ದೆ. ಒಳಗೆ ಬೆಳಕು ಸಾಲಲಿಲ್ಲ. ಅಂಗಳಕ್ಕೆ ಕರೆದುಕೊಂಡು ಬಂದೆ. "ಕಣ್ಣು ಮಿಟುಕಿಸಿ" ಅಂತ ಫೋನು ಹೇಳಿತು. ಇವರು ಮಿಟುಕಿಸಿದರು. ಮತ್ತೆ ಹೇಳಿತು, ಮತ್ತೆ ಮಿಟುಕಿಸಿದರು. ಒಳಗಿನಿಂದ ಅವರ ಮನೆಯವರು "ಈ ವಯಸ್ಸಿನಲ್ಲಿ ಯಾರಿಗ್ರೀ ಕಣ್ಣು ಹೊಡೀತಿದೀರಾ" ಅಂದರು. ನಾಲ್ಕನೇ ಸಲಕ್ಕೆ ಹಸಿರು ಗುರುತು ಬಂತು. ಇನ್ನೊಂದು ವರ್ಷ ಅವರು ಬದುಕಿದ್ದಾರೆ ಅಂತ ಸರ್ಕಾರ ಒಪ್ಪಿತು.

ಆಮೇಲೆ ಕಾಫಿ ಕುಡಿಯುವಾಗ ಬಸ್ಸಿನ ವಿಷಯ ತೆಗೆದೆ. ಮಿನಿಬಸ್ಸಿನವನು ಜಾಸ್ತಿ ಹೇಳುತ್ತಿದ್ದಾನೆ, ಎಲ್ಲರೂ ಕೆಂಪು ಬಸ್ಸಿನಲ್ಲಿ ಹೋಗೋಣ ಅಂತ ಆಗಿದೆ ಅಂದೆ. ಅವರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಮೆಜೆಸ್ಟಿಕ್ಕಿಂದ ರಾತ್ರಿ ಎಷ್ಟು ಗಂಟೆಗೆ?" ಅಂದರು.

ರೈಟ್ ರೈಟ್ ಅವರೇ, ಟೈಮಿಂಗ್ ಹೇಳಿ.